ಶಫಾರ್ನಿಯಾದ ಎರಡು ಬೇಸಿಗೆ

1795ರಲ್ಲಿ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು ಪೋಲೆಂಡನ್ನು ಪೂರ್ತಿಯಾಗಿ ಹಂಚಿಕೊಂಡವು. ಭೂಪಟದಲ್ಲಿ ಆ ಹೆಸರೇ ಉಳಿಯಲಿಲ್ಲ. 1815ರ ವಿಯೆನ್ನಾ ಸಮಾವೇಶವು ವಾರ್ಸಾವನ್ನು ರಾಜಧಾನಿಯಾಗಿಸಿ ಪೋಲಿಷ್ ರಾಜ್ಯವೊಂದನ್ನು ಮತ್ತೆ ಎಬ್ಬಿಸಿ ನಿಲ್ಲಿಸಿತಾದರೂ ಅದರ ಕಿರೀಟ ರಷ್ಯಾದ ಜಾರ್ ದೊರೆಯ ಪಾಲಾಯಿತು. ಪತ್ರಿಕೆಗಳ ಮೇಲೆ ಸೆನ್ಸಾರಿನ ಕಣ್ಣಿತ್ತು.

ಅಂಥ ದಿನಗಳಲ್ಲಿ, 1824ರ ಬೇಸಿಗೆಯಲ್ಲಿ, ದೊಬ್ಝಿನ್ ಸೀಮೆಯ ಶಫಾರ್ನಿಯಾ ಎಂಬ ಸಣ್ಣ ಹಳ್ಳಿಗೆ 14 ವರ್ಷದ ಬಾಲಕನೊಬ್ಬ ರಜೆ ಕಳೆಯಲು ಬಂದ. ಹೆಸರು ಫ್ರೆಡರಿಕ್ ಶೋಪಾನ್, ಮುಂದೆ ಪಿಯಾನೋ ಸಂಗೀತಕಾರನಾಗಿ ಹೆಸರಾದವನು. ಅಲ್ಲಿನ ಜಮೀನು ಅವನ ಸಹಪಾಠಿ ದೊಮಿನಿಕ್ ಜೆವನೋವ್‌ಸ್ಕಿಯ ಮನೆತನದ್ದು. ಬಾಲಕನದು ಸೊರಗಿದ ಮೈ. ಹಳ್ಳಿಯವರು ಉಣ್ಣುವ ರೈ ರೊಟ್ಟಿಗೆ ಬಾಯಲ್ಲಿ ನೀರೂರುತ್ತಿದ್ದರೂ ವೈದ್ಯರ ಪಥ್ಯ ಅಡ್ಡ ಬರುತ್ತಿತ್ತು.

ಮನೆಗೆ ಅವನು ಬರೆದದ್ದು ಬರೀ ಕಾಗದವಲ್ಲ, ಪತ್ರಿಕೆ ಕೂಡ! 'ವಾರ್ಸಾ ಕುರಿಯರ್'ನ ಅಣಕವಾಗಿ 'ಶಫಾರ್ನಿಯಾ ಕುರಿಯರ್'. ಅದರಲ್ಲಿ ಸ್ವದೇಶದ ಸುದ್ದಿ, ವಿದೇಶದ ಸುದ್ದಿ ಎಂಬ ವಿಂಗಡಣೆಯುಂಟು. ಸುದ್ದಿ ಹೆಚ್ಚಾಗಿ ಕೋಳಿ, ಬಾತುಗಳದು. ತನ್ನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ 'ಪಿಶೋನ್' ಮಹಾಶಯನೆಂಬ ಪಾತ್ರವೊಂದನ್ನು ಸೃಷ್ಟಿಸಿದ್ದ. ಕೊನೆಯಲ್ಲಿ ಮನೆಯ ಹಿರಿಯಳಾದ ಲುದ್ವಿಕಾ ಜೆವನೋವ್‌ಸ್ಕಾಳ ಸೆನ್ಸಾರ್ ಒಪ್ಪಿಗೆ ಬೇರೆ. ಸೆನ್ಸಾರ್ ವ್ಯವಸ್ಥೆಯನ್ನು ಆ ವಯಸ್ಸಿನಲ್ಲೇ ಹೀಗೆ ಗೇಲಿ ಮಾಡಿದವನ ಜಾಣತನಕ್ಕೆ ತಲೆದೂಗಲೇಬೇಕು.

ಆ ಪತ್ರಿಕೆಯ ಒಂದು ಸುದ್ದಿ ಮಾತ್ರ ತಮಾಷೆಗಿಂತ ತೂಕದ್ದು. ನಿಯೆಶಾವಾ ಊರಿನಲ್ಲಿ ಹಾದುಹೋಗುವಾಗ ಬೇಲಿಯ ಮೇಲೆ ಕುಳಿತ ಹಳ್ಳಿಯ ಹುಡುಗಿಯೊಬ್ಬಳು ಗಂಟಲೆತ್ತಿ ಹಾಡುತ್ತಿದ್ದಳು. ಧಾಟಿ ಕೇಳಿಸಿತು, ಮಾತು ತಿಳಿಯಲಿಲ್ಲ. ಪಿಶೋನ್ ಮಹಾಶಯರು ಮೂರು ಗ್ರೋಷಿ ನಾಣ್ಯ ಕೊಡುವೆನೆಂದು ಆಸೆ ತೋರಿಸಿ ಮತ್ತೆ ಹಾಡಿಸಿದರು. ಅವಳಿಗೆ ಅವನಿಟ್ಟ ಹೆಸರು 'ಕತಲಾನಿ'. ನಿಜವಾದ ಕತಲಾನಿ ಯೂರೋಪಿನ ಹೆಸರಾಂತ ಗಾಯಕಿ. 1820ರಲ್ಲಿ ಈ ಬಾಲಕನ ಪಿಯಾನೋ ಕೇಳಿ ಚಿನ್ನದ ಗಡಿಯಾರವನ್ನು ಉಡುಗೊರೆಯಿತ್ತವಳು.

1825ರ ಬೇಸಿಗೆಯಲ್ಲಿ ಬಾಲಕ ಶಫಾರ್ನಿಯಾಕ್ಕೆ ಮತ್ತೆ ಬಂದ. ಅಲ್ಲಿ ಬೇಸಿಗೆಯೆಂದರೆ ಸುಗ್ಗಿ. ಕೊಯ್ಲು ಮುಗಿಸಿದ ಹೆಂಗಸರು ಧಣಿಯ ಮನೆಯ ಮುಂದೆ ನೆರೆದು, ಮನೆಯವರನ್ನೆಲ್ಲ ಛೇಡಿಸಿ ಹಾಡಿದರು. ವಾರ್ಸಾದಿಂದ ಬಂದ ಬಡಕಲನನ್ನೂ ಬಿಡಲಿಲ್ಲ. ಪಕ್ಕವಾದ್ಯಕ್ಕೆ ಮೂರೇ ತಂತಿಯ ಪಿಟೀಲು. ಬಾಲಕ ಕುಣಿದ, ಬಳಿಕ ಒಂದೇ ತಂತಿ ಉಳಿದಿದ್ದ ಹಳ್ಳಿಯ ದೊಡ್ಡ ಪಿಟೀಲು 'ಬಾಸೆತ್ಲಾ'ವನ್ನು ಎತ್ತಿಕೊಂಡು ಕಮಾನು ಎಳೆಯತೊಡಗಿದ.

1830ರ ನವೆಂಬರ್ 2ರಂದು ವಾರ್ಸಾ ಬಿಟ್ಟ ಶೋಪಾನ್ ತಾಯ್ನಾಡಿಗೆ ಮರಳಲಿಲ್ಲ. 1849ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಳ್ಳುವವರೆಗೂ ಮಜುರ್ಕಾ ಎಂಬ ಪಿಯಾನೋ ಕೃತಿಗಳನ್ನು ಬರೆಯುತ್ತಲೇ ಇದ್ದ. ಅವು 50ಕ್ಕೂ ಹೆಚ್ಚು. ಹಳ್ಳಿಯ ಮಜುರ್, ಕುಯಾವಿಯಾಕ್, ಓಬೆರೆಕ್ ಕುಣಿತಗಳ ಲಯವೇ ಅವುಗಳ ಬೇರು. ಪ್ಯಾರಿಸ್ಸಿನ ಸಿರಿವಂತರ ದಿವಾನಖಾನೆಗಳು ಆ ಲಯವನ್ನು ಕೇಳಿ ಮೆಚ್ಚಿದವೇ ಹೊರತು ಕಲಿಸಲಿಲ್ಲ. ಕಲಿಸಿದವರು ಕೂಲಿಯ ಹೆಂಗಸರು. ಬೇಲಿಯ ಮೇಲಿನ ಗಾಯಕಿಗೆ ಕೊಟ್ಟ ಮೂರು ಗ್ರೋಷಿಯ ಲೆಕ್ಕ ಚರಿತ್ರೆಗೆ ಸಿಕ್ಕಿತು. ಅವಳ ಹೆಸರನ್ನು ಮಾತ್ರ ಅವನು ಬರೆದಿಡಲಿಲ್ಲ.

ಶಫಾರ್ನಿಯಾದಲ್ಲಿ ಈಗ ಶೋಪಾನ್ ಕೇಂದ್ರವಿದೆ. ಎಳೆಯರಿಗಾಗಿ ಅಲ್ಲಿ ಅಂತಾರಾಷ್ಟ್ರೀಯ ಪಿಯಾನೋ ಸ್ಪರ್ಧೆಯನ್ನೂ ನಡೆಸುತ್ತಾರೆ.