ಮೋತಿಬಾಗಿನ ನ್ಯಾರೋಗೇಜ್ ಸಂಗ್ರಹಾಲಯ

ಸಂಚಾರ ನಿಂತುಹೋದ ರೈಲು ನಿಲ್ದಾಣವನ್ನೇ ಸಂಗ್ರಹಾಲಯವನ್ನಾಗಿ ಮಾರ್ಪಡಿಸುವ ಪದ್ಧತಿ ಪಾಶ್ಚಾತ್ಯ ನಗರಗಳಲ್ಲಿ ಸುಮಾರು ಐವತ್ತು ವರ್ಷಗಳಿಂದ ರೂಢಿಗೆ ಬಂದಿದೆ. ಹಂಗೆರಿಯ ಬುಡಾಪೆಸ್ಟಿನಲ್ಲಿ ನೆಲದಡಿಯ ರೈಲಿನ ಸಂಗ್ರಹಾಲಯವನ್ನು 1975ರಲ್ಲಿ ತೆರೆದದ್ದು ಉಪಯೋಗ ತಪ್ಪಿದ ಒಂದು ತುಂಡು ಸುರಂಗದಲ್ಲಿ. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ 1936ರಲ್ಲಿ ತೆರೆದು ಹತ್ತೇ ವರ್ಷಗಳಲ್ಲಿ ಮುಚ್ಚಿದ ಕೋರ್ಟ್ ಸ್ಟ್ರೀಟ್ ನಿಲ್ದಾಣ 1976ರಲ್ಲಿ ಸಾರಿಗೆಯ ಸಂಗ್ರಹಾಲಯವಾಯಿತು. ಮ್ಯಾಡ್ರಿಡ್ ನಗರದ ಚಾಂಬೆರಿ ನಿಲ್ದಾಣದ್ದು ಇನ್ನೂ ಕುತೂಹಲಕರವಾದ ಕಥೆ. 1919ರ ಈ ನಿಲ್ದಾಣವನ್ನು 1966ರಲ್ಲಿ ಮುಚ್ಚಿದರು. ಗೋಡೆಯ ಮೇಲಿನ ಹೆಂಚಿನ ಜಾಹೀರಾತುಗಳು ಧೂಳಿನ ಅಡಿಯಲ್ಲಿ ಹಾಗೆಯೇ ಉಳಿದವು. 2008ರಲ್ಲಿ ಬಾಗಿಲು ಮತ್ತೆ ತೆರೆದಾಗ ಜನರಿಗೆ ದೊರೆತದ್ದು ಅಂದಿನ ಪ್ಲಾಟ್‌ಫಾರಮ್ಮೇ.

ನಾಗಪುರದಲ್ಲಿ ನೆಲದಡಿಯ ನಿಲ್ದಾಣಗಳಿಲ್ಲ. 2019ರಲ್ಲಿ ಓಡಲಾರಂಭಿಸಿದ ಮೆಟ್ರೊ ಕೂಡ ಬಹುಮಟ್ಟಿಗೆ ಕಂಬಗಳ ಮೇಲೆ ಸಾಗುವಂಥದು. ಆದರೆ ಕಾಲ ಮುಗಿದ ರೈಲಿನ ಅವಶೇಷಗಳನ್ನು ಅದು ದುಡಿದ ಜಾಗದಲ್ಲಿಯೇ ಕಾಪಾಡುವ ಪ್ರಯತ್ನವೊಂದು ಈ ನಗರದ ಮೋತಿಬಾಗಿನಲ್ಲಿ ನಡೆದಿದೆ.

ನಾಗಪುರಕ್ಕೆ ಮೊದಲ ರೈಲು ಬಂದದ್ದು 1867ರಲ್ಲಿ, ಮುಂಬಯಿಯ ಕಡೆಯಿಂದ. ಅಲ್ಲಿಂದ ಪೂರ್ವಕ್ಕೆ, ಛತ್ತೀಸಗಡದ ಭತ್ತದ ಸೀಮೆಗೆ, ದಾರಿಯಿರಲಿಲ್ಲ. 1880ರಿಂದ 1882ರ ಅವಧಿಯಲ್ಲಿ ರಾಜನಾಂದಗಾಂವದವರೆಗೆ ಮೀಟರ್‌ಗೇಜಿನ ನಾಗಪುರ–ಛತ್ತೀಸಗಡ ರೈಲ್ವೆ ಸಿದ್ಧವಾಯಿತು. ಮೋತಿಬಾಗಿನ ಕಾರ್ಯಾಗಾರದ ಮೂಲ ಆ ರೈಲ್ವೆಯ ಕಾಲದ್ದು. 1887ರಲ್ಲಿ ಸ್ಥಾಪನೆಯಾದ ಬಂಗಾಲ–ನಾಗಪುರ ರೈಲ್ವೆ ಕಂಪನಿಯು ಆ ಮಾರ್ಗವನ್ನು ವಹಿಸಿಕೊಂಡು ಬ್ರಾಡ್‌ಗೇಜಿಗೆ ಪರಿವರ್ತಿಸಿತು. ಅಂದರೆ, ಗೇಜು ಬದಲಾಯಿಸುವ ಕೆಲಸ ಈ ನಾಡಿಗೆ ಇಂದಿನದೇನೂ ಅಲ್ಲ.

ಇದೇ ಕಂಪನಿ ಸಾತಪುಡಾ ಬೆಟ್ಟಗಳೊಳಗೆ ಹೊಕ್ಕಾಗ ಮಾತ್ರ ಎರಡೂವರೆ ಅಡಿಯ, ಎಂದರೆ 762 ಮಿಲಿಮೀಟರಿನ, ಹಳಿಯನ್ನು ಆರಿಸಿಕೊಂಡಿತು. ಕಾರಣ ಸ್ಪಷ್ಟ. ಅಗಲ ಕಡಿಮೆಯಾದಷ್ಟೂ ಗುಡ್ಡದ ಓರೆಯಲ್ಲಿ ಬಿಗಿಯಾದ ತಿರುವುಗಳು ಸಾಧ್ಯ. ಕಡಿಯಬೇಕಾದ ಬಂಡೆ ಕಡಿಮೆ, ಕಟ್ಟಬೇಕಾದ ಏರಿ ಕಡಿಮೆ, ಖರ್ಚೂ ಕಡಿಮೆ. 1903ರಿಂದ 1905ರ ಅವಧಿಯಲ್ಲಿ ಗೋಂದಿಯಾದಿಂದ ನೈನಪುರದ ಮೇಲಾಗಿ ಜಬಲ್ಪುರದವರೆಗೆ ಮಾರ್ಗ ತೆರೆಯಿತು. ಛಿಂದವಾಡ, ಮಂಡಲಾ, ನಾಗಭೀಡಗಳ ಕಡೆಗೆ ಕವಲುಗಳು ಹಬ್ಬಿದವು. ಕಾಡಿನ ಮರ, ಪೆಂಚ್ ಕಣಿವೆಯ ಕಲ್ಲಿದ್ದಲು, ಬಾಲಾಘಾಟದ ಮ್ಯಾಂಗನೀಸ್, ಸಂತೆಗೆ ಹೊರಟ ಗೊಂಡ ಜನ, ಇವರೆಲ್ಲರ ಭಾರವನ್ನೂ ಈ ಪುಟ್ಟ ಬಂಡಿಗಳೇ ಹೊತ್ತವು. ಇವನ್ನು ಆಟಿಕೆಯ ರೈಲೆಂದು ಕರೆಯುವ ವಾಡಿಕೆ ಅಷ್ಟೇನೂ ನ್ಯಾಯವಲ್ಲ. ಡಾರ್ಜಿಲಿಂಗಿನ ಹಳಿಯಂತೆ ಇದು ವಿಹಾರಿಗಳಿಂದ ಹೆಸರು ಪಡೆದ ಮಾರ್ಗವಲ್ಲ, ದುಡಿಮೆಯ ಮಾರ್ಗ.

ಉಳಿತಾಯಕ್ಕೆ ಕಾರಣವಾದ ಗುಣವೇ ಮುಂದೆ ಇದರ ದೋಷವೂ ಆಯಿತು. ಗೋಂದಿಯಾದಂಥ ಕೂಡುನಿಲ್ದಾಣದಲ್ಲಿ ಸಣ್ಣ ಬಂಡಿಯ ಸರಕನ್ನೆಲ್ಲ ಇಳಿಸಿ ದೊಡ್ಡ ಬಂಡಿಗೆ ಮತ್ತೆ ಏರಿಸಬೇಕು. ಅದಕ್ಕೆ ತಗಲುವ ಕೂಲಿ, ಕಾಲ, ನಷ್ಟ ಸಣ್ಣದಲ್ಲ. 1992ರಲ್ಲಿ ದೇಶಕ್ಕೆಲ್ಲ ಒಂದೇ ಗೇಜು ಎಂಬ ಯೋಜನೆ ಆರಂಭವಾದಾಗ ಸಾತಪುಡಾ ಹಳಿಗಳ ಭವಿಷ್ಯ ಬಹುಮಟ್ಟಿಗೆ ನಿರ್ಧಾರವಾದಂತೆಯೇ ಆಯಿತು.

ಸಂಗ್ರಹಾಲಯ ತೆರೆದದ್ದು 2002ರ ಡಿಸೆಂಬರಿನಲ್ಲಿ. ಅದರ ವೈಶಿಷ್ಟ್ಯ ಈ ತಾರೀಖಿನಲ್ಲಿಯೇ ಇದೆ. ಬುಡಾಪೆಸ್ಟ್, ನ್ಯೂಯಾರ್ಕುಗಳಲ್ಲಿ ಮಾರ್ಗ ಮೊದಲು ಸತ್ತು ಆಮೇಲೆ ಸಂಗ್ರಹಾಲಯ ಹುಟ್ಟಿತು. ಮೋತಿಬಾಗಿನಲ್ಲಿ ಇದಕ್ಕೆ ವಿಪರೀತ: ಉಗಿಯಂತ್ರಗಳನ್ನು ಅಂಗಳದಲ್ಲಿ ನಿಲ್ಲಿಸಿ, ಕೈದೀಪಗಳನ್ನೂ ಸಂಜ್ಞೆಯ ಉಪಕರಣಗಳನ್ನೂ ಕೋಣೆಗಳಲ್ಲಿ ಜೋಡಿಸಿದಾಗ, ಅದೇ ಗೇಜಿನ ಬಂಡಿಗಳು ಡೀಸೆಲ್ ಎಂಜಿನುಗಳ ಹಿಂದೆ ನಾಗಪುರದಿಂದ ಇನ್ನೂ ಓಡುತ್ತಿದ್ದವು. ನೋಡಲು ಬಂದವನು ಮನಸ್ಸು ಮಾಡಿದರೆ ಟಿಕೇಟು ಕೊಂಡು ಛಿಂದವಾಡಕ್ಕೆ ಪ್ರಯಾಣವನ್ನೇ ಮಾಡಬಹುದಾಗಿತ್ತು. ಆ ಅನುಕೂಲ ಹದಿಮೂರು ವರ್ಷ ಉಳಿಯಿತು. 2015ರಲ್ಲಿ ಜಬಲ್ಪುರದ ಕಡೆಯ ಭಾಗವೂ ಛಿಂದವಾಡದ ಮಾರ್ಗವೂ ನಿಂತವು. ನಾಗಪುರ–ನಾಗಭೀಡದ ನೂರಕ್ಕೂ ಮಿಕ್ಕ ಕಿಲೋಮೀಟರಿನ ದಾರಿ 2019ರ ನವೆಂಬರಿನಲ್ಲಿ ಮುಚ್ಚಿತು.

ಗೇಜು ಬದಲಾವಣೆಯನ್ನು ದೂಷಿಸುವುದು ಸುಲಭ. ಆದರೆ ಮಂಡಲಾದ ರೋಗಿಯೊಬ್ಬನಿಗೆ ನಾಗಪುರವನ್ನು ಬೇಗ ತಲಪುವುದು ಮುಖ್ಯವೇ ಹೊರತು ಹಳೆಯ ಎಂಜಿನಿನ ಸೊಬಗಲ್ಲ. ಆಕ್ಷೇಪಿಸಬೇಕಾದದ್ದು ಬೇರೆಯೇ ಇದೆ. ಎಂಜಿನನ್ನು ಎತ್ತಿ ತಂದು ನಿಲ್ಲಿಸಬಹುದು. ತಿರುವು, ಸೇತುವೆ, ಬೆಟ್ಟದ ನಡುವಿನ ಒಂಟಿ ನಿಲ್ದಾಣ, ಅಲ್ಲಿನ ಸಂಜ್ಞೆಗಾರನ ಕೈಚಳಕ, ಇವನ್ನು ತರಲಾಗದು. ಆ ಎಂಜಿನು ಏತಕ್ಕಾಗಿ ಅಷ್ಟು ಚಿಕ್ಕದಾಗಿತ್ತೆಂಬ ಪ್ರಶ್ನೆಗೆ ಉತ್ತರವಿರುವುದು ಅಂಗಳದಲ್ಲಲ್ಲ, ಕಿತ್ತುಹಾಕಿದ ಹಳಿಯ ಹಾದಿಯಲ್ಲಿ. ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ನೈನಪುರ ತುಂಬಿಕೊಟ್ಟಿದೆ. ನಾನಾ ಕವಲುಗಳು ಕೂಡುತ್ತಿದ್ದ ಆ ಊರಿನಲ್ಲಿ ನ್ಯಾರೋಗೇಜಿಗೆ ಪ್ರತ್ಯೇಕವಾದ ಸಂಗ್ರಹಾಲಯ ಏರ್ಪಟ್ಟಿದೆ.

ಕನ್ನಡನಾಡಿಗೂ ಇದೇ ಎರಡೂವರೆ ಅಡಿಯ ಹಳಿಯ ಪರಿಚಯವುಂಟು. ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ 1913ರಲ್ಲಿಯೂ, ಬೆಂಗಳೂರಿನಿಂದ ಚಿಕ್ಕಬಳ್ಳಾಪುರದ ಕಡೆಗೆ ಅದಾದ ಸ್ವಲ್ಪದರಲ್ಲಿಯೂ ಅಂಥ ಮಾರ್ಗಗಳು ತೆರೆದವು. ಮೈಸೂರಿನಲ್ಲಿ 1979ರಲ್ಲಿ ಸ್ಥಾಪಿತವಾದ ರೈಲ್ವೆ ಸಂಗ್ರಹಾಲಯ ಮಹಾರಾಣಿಯವರ ಸಲೂನು ಬಂಡಿಗೆ ಪ್ರಸಿದ್ಧ; ಅರಮನೆಯ ವೈಭವಕ್ಕೆ ಅಲ್ಲಿ ತಕ್ಕ ಸ್ಥಾನ ಸಿಕ್ಕಿದೆ. ಕೋಲಾರದ ರೈತರು ರೇಷ್ಮೆಗೂಡು, ತರಕಾರಿಗಳೊಡನೆ ಕಾದುಕುಳಿತ ಸಣ್ಣ ನಿಲ್ದಾಣಗಳಾದರೋ ಬಹುಕಾಲ ಯಾರ ಗಮನಕ್ಕೂ ಬರಲಿಲ್ಲ. ಈಚಿನ ವರ್ಷಗಳಲ್ಲಿ ಇಂಟ್ಯಾಕ್ ಸಂಸ್ಥೆಯು ನಂದಿ ಹಾಲ್ಟಿನ ಹಳೆಯ ಕಟ್ಟಡದ ಜೀರ್ಣೋದ್ಧಾರವನ್ನು ಕೈಗೊಂಡಿತು. ಅಲ್ಲಿ ನ್ಯಾರೋಗೇಜ್ ಹೋಗಿದೆ, ನಿಲ್ದಾಣ ಉಳಿದಿದೆ. ಅದರ ಮುಂದೆಯೇ ಬ್ರಾಡ್‌ಗೇಜಿನ ಬಂಡಿಗಳು ಹಾದುಹೋಗುತ್ತವೆ.