ಸಮುದ್ರದ ಗಾಳಿಗೆ ಪಿಕಪ್ ತುಕ್ಕು ಹಿಡಿಯುತ್ತಿದೆಯೇ? ಬಾಡಿ, ಪೇಂಟ್ ಉಳಿಸಿಕೊಳ್ಳುವುದು ಹೀಗೆ

ಚೆನ್ನೈ: ಕಾಸಿಮೇಡು ಮೀನುಗಾರಿಕಾ ಬಂದರಿನ ಹೊರಗೆ ಸಾಲಾಗಿ ನಿಲ್ಲುವ ಪಿಕಪ್‌ಗಳನ್ನು ಒಮ್ಮೆ ಬಗ್ಗಿ ನೋಡಿದರೆ ಸಾಕು, ಉಪ್ಪು ಏನು ಮಾಡುತ್ತದೆ ಎಂಬುದು ಗೊತ್ತಾಗುತ್ತದೆ. ಮೇಲೆ ಬಾಡಿ ಹೊಳೆಯುತ್ತಿರುತ್ತದೆ, ಕೆಳಗೆ ಚಾಸಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಮಲ್ಪೆ, ಮಂಗಳೂರು, ಕಾರವಾರದ ಗಾಡಿ ಮಾಲೀಕರಿಗೆ ಇದು ಹೊಸದಲ್ಲ. ಆದರೆ ಬೆಂಗಳೂರು, ಹೊಸೂರು ಕಡೆಯಿಂದ ಚೆನ್ನೈಗೆ ಲೋಡ್ ಹೊಡೆಯುವವರು, ಅಲ್ಲಿಯೇ ನೆಲೆಸಿ ಗಾಡಿ ಓಡಿಸುವವರು ಇದನ್ನು ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಟಿಂಕರಿಂಗ್ ಬಿಲ್ ಕೈಗೆ ಬಂದಿರುತ್ತದೆ.

ಕರಾವಳಿಯಲ್ಲೇ ಯಾಕೆ ಹೆಚ್ಚು?

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಮತ್ತು ಆಮ್ಲಜನಕ ಎರಡೂ ಬೇಕು. ಉಪ್ಪು ಸೇರಿದರೆ ಆ ಕೆಲಸ ಹಲವು ಪಟ್ಟು ಚುರುಕಾಗುತ್ತದೆ. ಗಾಳಿಯಲ್ಲಿನ ತೇವಾಂಶ ಸುಮಾರು ಶೇ. 75 ದಾಟಿದರೆ ಅಡುಗೆ ಉಪ್ಪು ತಾನಾಗಿಯೇ ನೀರು ಹೀರಿಕೊಂಡು ಕರಗುತ್ತದೆ. ಚೆನ್ನೈನಲ್ಲಿ ರಾತ್ರಿ ಮತ್ತು ಬೆಳಗಿನ ಹೊತ್ತು ಈ ಮಟ್ಟ ದಾಟುವುದು ಸಾಮಾನ್ಯ. ಅಂದರೆ ಮಳೆ ಬಾರದ ದಿನವೂ, ಉಪ್ಪಿನ ಕಣ ಅಂಟಿದ ಲೋಹದ ಮೇಲೆ ತೆಳುವಾದ ಉಪ್ಪುನೀರಿನ ಪದರ ಇದ್ದೇ ಇರುತ್ತದೆ. ಗಾಡಿ ಒಣಗಿದಂತೆ ಕಂಡರೂ ಒಣಗಿರುವುದಿಲ್ಲ.

ಕೊಡಚಾದ್ರಿಯ ಮೂಲ ಮೂಕಾಂಬಿಕಾ ದೇಗುಲದ ಎದುರಿನ ಕಬ್ಬಿಣದ ಕಂಬ ಮಲೆನಾಡಿನ ಮಳೆಗೆ ಶತಮಾನಗಳಿಂದ ನಿಂತಿಲ್ಲವೇ ಎಂದು ಕೇಳಬಹುದು. ಅದು ಗಟ್ಟಿ ಕಬ್ಬಿಣದ ಕಂಬ. ನಿಮ್ಮ ಗಾಡಿಯ ಬಾಡಿ ಶೀಟ್ ಸಾಮಾನ್ಯವಾಗಿ 1 ಮಿ.ಮೀ.ಗಿಂತಲೂ ತೆಳು. ಅದನ್ನು ಕಾಯುವ ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಎಲ್ಲ ಸೇರಿದರೂ ಸುಮಾರು ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗದಷ್ಟು ಮಾತ್ರ.

ತೊಳೆಯುವ ನೀರು ಯಾವುದು?

ಹೆಚ್ಚಿನವರು ಎಡವುವುದು ಇಲ್ಲೇ. ಚೆನ್ನೈನ ಕರಾವಳಿ ಬಡಾವಣೆಗಳಲ್ಲಿ ಅನೇಕ ಬೋರ್‌ವೆಲ್‌ಗಳ ನೀರೇ ಉಪ್ಪು. ನಗರದ ಉತ್ತರಕ್ಕಿರುವ ಮಿಂಜೂರು ಭಾಗದಲ್ಲಂತೂ ಸಮುದ್ರದ ನೀರು ಅಂತರ್ಜಲಕ್ಕೆ ನುಗ್ಗಿ ದಶಕಗಳೇ ಆಗಿವೆ. ಇಂಥ ನೀರಿನಲ್ಲಿ ವಾರಕ್ಕೊಮ್ಮೆ ಗಾಡಿ ತೊಳೆದು ಬಿಸಿಲಿಗೆ ನಿಲ್ಲಿಸಿದರೆ ಉಪ್ಪನ್ನು ತೆಗೆಯುವ ಬದಲು ಬಳಿದಂತಾಗುತ್ತದೆ. ಬಾನೆಟ್ ಮೇಲಿನ ಬಿಳಿ ಚುಕ್ಕೆಗಳು ಇದೇ ನೀರಿನ ಗುರುತು. ಬೋರ್ ನೀರಿನಲ್ಲೇ ತೊಳೆಯುವುದಾದರೂ ಕೊನೆಯ ಎರಡು ಬಕೆಟ್ ಮೆಟ್ರೋ ವಾಟರ್ ಅಥವಾ ಹಿಡಿದಿಟ್ಟ ಮಳೆನೀರು ಇರಲಿ. ನೆರಳಿನಲ್ಲಿ ತೊಳೆದು, ನೀರು ತಾನಾಗಿ ಆರುವ ಮೊದಲೇ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ.

ಬಟ್ಟೆ ಒಗೆಯುವ ಪುಡಿ ಬೇಡ, ಅದು ಹಚ್ಚಿದ ವ್ಯಾಕ್ಸ್ ಅನ್ನೂ ಕಿತ್ತು ಹಾಕುತ್ತದೆ. ಕಾರ್ ಶಾಂಪೂ ಸಾಕು. ಮೇಲ್ಭಾಗಕ್ಕಿಂತ ವ್ಹೀಲ್ ಆರ್ಚ್ ಒಳಗೆ, ಮಡ್ ಫ್ಲಾಪ್ ಹಿಂದೆ, ಚಾಸಿ ಮೇಲೆ ನೀರು ಜೋರಾಗಿ ಹಾಯಿಸುವುದು ಮುಖ್ಯ. ಬಾಗಿಲಿನ ತಳದಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ಮಣ್ಣು ತುಂಬಿ ಅವು ಮುಚ್ಚಿಕೊಂಡರೆ ಬಾಗಿಲು ಒಳಗಿನಿಂದಲೇ ಕೊಳೆಯುತ್ತದೆ. ಒಂದು ಪ್ಲಾಸ್ಟಿಕ್ ಕಡ್ಡಿ ಸಾಕು, ತೆರೆದುಕೊಳ್ಳುತ್ತವೆ.

ಲೋಡ್ ಬಾಡಿಗೆ ಬೇರೆಯೇ ಲೆಕ್ಕ

ಮೀನಿನ ಐಸ್ ಕರಗಿದ ನೀರು, ರಸಗೊಬ್ಬರ, ಸಿಮೆಂಟ್, ಕೋಯಂಬೇಡು ಮಾರುಕಟ್ಟೆಯ ಕೊಳೆತ ತರಕಾರಿ ರಸ ಎಲ್ಲವೂ ಹಿಂಬದಿ ಟ್ರೇಗೆ ಶತ್ರುಗಳೇ. ಲೋಡ್ ಇಳಿಸಿದ ದಿನವೇ ತೊಳೆಯಬೇಕು. ಮೇಲೆ ಹಾಸುವ ರಬ್ಬರ್ ಮ್ಯಾಟ್ ಅಥವಾ ರೆಡಿಮೇಡ್ ಪ್ಲಾಸ್ಟಿಕ್ ಲೈನರ್ ಗೀರು ತಪ್ಪಿಸುತ್ತದೆ, ಆದರೆ ಅದರಡಿ ನೀರು ನಿಂತರೆ ಕಣ್ಣಿಗೆ ಕಾಣದಂತೆ ತಗಡು ತಿಂದುಹೋಗುತ್ತದೆ. ಹಾಗಾಗಿ ಆಗಾಗ ಎತ್ತಿ ಒಣಗಿಸಲೇಬೇಕು. ಲೋಹಕ್ಕೇ ಅಂಟಿಕೊಳ್ಳುವ ಪಾಲಿಯುರೆಥೇನ್ ಸ್ಪ್ರೇ ಲೈನರ್ ದುಬಾರಿಯಾದರೂ ಈ ತೊಂದರೆ ಕಡಿಮೆ. ಕೆಲಸ ಮಾಡುವ ಗಾಡಿಗೆ ಹೊಳೆಯುವ ಸೆರಾಮಿಕ್ ಕೋಟಿಂಗ್‌ಗಿಂತ ಈ ಖರ್ಚೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಸೆರಾಮಿಕ್ ಕಾಯುವುದು ಮೇಲಿನ ಬಣ್ಣವನ್ನು ಮಾತ್ರ, ಚಾಸಿಯನ್ನಲ್ಲ.

ಅಂಡರ್‌ಬಾಡಿ ಕೋಟಿಂಗ್ ಮಾಡಿಸಬೇಕೇ?

ಮಾಡಿಸಬಹುದು, ಆದರೆ ತುಕ್ಕಿನ ಮೇಲೆಯೇ ಕಪ್ಪು ಕೋಟ್ ಬಳಿದರೆ ಪ್ರಯೋಜನವಿಲ್ಲ. ಒಳಗೆ ಉಪ್ಪು, ತೇವ ಸಿಕ್ಕಿಕೊಂಡು ಇನ್ನಷ್ಟು ಹಾಳಾಗುತ್ತದೆ. ಮೊದಲು ತೊಳೆದು, ಪೂರ್ತಿ ಒಣಗಿಸಿ, ಸಡಿಲ ತುಕ್ಕನ್ನು ವೈರ್ ಬ್ರಷ್‌ನಿಂದ ತೆಗೆಯಬೇಕು. ಸೈಲೆನ್ಸರ್, ಬ್ರೇಕ್ ಭಾಗ, ನೀರಿನ ತೂತುಗಳಿಗೆ ಕೋಟ್ ತಾಗಬಾರದು. ರಬ್ಬರ್‌ನಂಥ ದಪ್ಪ ಕೋಟ್ ಕಾಲಕ್ರಮೇಣ ಬಿರುಕು ಬಿಡಬಹುದು, ಆದ್ದರಿಂದ ಮಳೆಗಾಲಕ್ಕೆ ಮುನ್ನ ವರ್ಷಕ್ಕೊಮ್ಮೆ ನೋಡಿಸಿ. ಚೆನ್ನೈಗೆ ದೊಡ್ಡ ಮಳೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ, ಹಾಗಾಗಿ ಸೆಪ್ಟೆಂಬರ್ ಸರಿಯಾದ ಸಮಯ. ಚಾಸಿಗೆ ಡೀಸೆಲ್ ಸ್ಪ್ರೇ ಹೊಡೆಸುವ ಹಳೆಯ ಅಭ್ಯಾಸ ಬಿಡುವುದು ಒಳ್ಳೆಯದು, ಅದು ರಬ್ಬರ್ ಬುಷ್‌ಗಳನ್ನು ಉಬ್ಬಿಸುತ್ತದೆ.

ಬಣ್ಣ ಎದ್ದ ಜಾಗ ಚಿಕ್ಕದಿರುವಾಗಲೇ ಸರಿಪಡಿಸಿ. ಎಮರಿ ಪೇಪರ್‌ನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಒರೆಸಿ, ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಟಚ್‌ಅಪ್ ಪೇಂಟ್ ಹಾಕಿ. ಹಕ್ಕಿ ಹಿಕ್ಕೆಯನ್ನು ಬಿಸಿಲಿನಲ್ಲಿ ಒಣಗಲು ಬಿಡಬೇಡಿ, ಒದ್ದೆ ಬಟ್ಟೆ ಇಟ್ಟು ನೆನೆಸಿ ತೆಗೆಯಿರಿ. ಗಾಳಿಯಾಡದ ಪ್ಲಾಸ್ಟಿಕ್ ಕವರ್ ಹೊದಿಸುವುದಕ್ಕಿಂತ ಸುಮ್ಮನೆ ಶೀಟ್ ಕೆಳಗೆ ನಿಲ್ಲಿಸುವುದು ವಾಸಿ.

ಪ್ರವಾಹದ ನೀರು ಹೊಕ್ಕರೆ?

2015ರ ಡಿಸೆಂಬರ್ ಪ್ರವಾಹ ಮತ್ತು 2023ರ ಡಿಸೆಂಬರ್‌ನ ಮಿಚಾಂಗ್ ಚಂಡಮಾರುತದ ವೇಳೆ ಚೆನ್ನೈನಲ್ಲಿ ಸಾವಿರಾರು ವಾಹನಗಳು ಮುಳುಗಿದ್ದವು. ನೀರಿಳಿದ ಮೇಲೆ ಸ್ಟಾರ್ಟ್ ಮಾಡದೆ ಟೋ ಮಾಡಿಸಬೇಕು ಎಂಬುದು ಎಲ್ಲರಿಗೂ ಗೊತ್ತು. ಎಂಜಿನ್ ಸರಿಯಾದ ಬಳಿಕ ಬಾಡಿಯನ್ನು ಮರೆಯುವವರೇ ಹೆಚ್ಚು. ಕಾರ್ಪೆಟ್, ಸೀಟು ಬಿಚ್ಚಿಸಿ, ಬಾಗಿಲು ಮತ್ತು ಸಿಲ್ ಒಳಗೆ ಸಿಹಿನೀರು ಹಾಯಿಸಿ ಒಣಗಿಸಬೇಕು. ಪ್ರವಾಹದ ಹಾನಿಗೆ ಕಾಂಪ್ರೆಹೆನ್ಸಿವ್ ವಿಮೆಯಲ್ಲಿ ಕ್ಲೇಮ್ ಮಾಡಬಹುದು. ನಿಧಾನವಾಗಿ ಹಿಡಿದ ತುಕ್ಕು ಸವಕಳಿಯ ಲೆಕ್ಕಕ್ಕೆ ಸೇರುವುದರಿಂದ ಹಣ ಸಿಗುವುದಿಲ್ಲ.

ಇನ್ನೊಂದು ವಿಷಯ ಬಾಡಿಗೆಗೆ ಓಡಿಸುವವರಿಗೆ. ವಾಣಿಜ್ಯ ವಾಹನಗಳಿಗೆ 8 ವರ್ಷದವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಸರ್ಟಿಫಿಕೇಟ್ (ಎಫ್‌ಸಿ) ನವೀಕರಿಸಬೇಕು. ಅಲ್ಲಿ ಚಾಸಿ ನಂಬರ್ ಓದುವಂತಿರಬೇಕು. ತುಕ್ಕಿನಲ್ಲಿ ಆ ಅಕ್ಷರಗಳೇ ಅಳಿಸಿಹೋದರೆ ಗಾಡಿ ಎಷ್ಟೇ ಚೆನ್ನಾಗಿ ಓಡಿದರೂ ಕಾಗದ ಮಾಡಿಸಲು ಪರದಾಡಬೇಕಾಗುತ್ತದೆ. ಆ ಜಾಗವನ್ನು ಗ್ರೈಂಡರ್‌ನಿಂದ ಉಜ್ಜಿಸಬೇಡಿ, ದಪ್ಪ ಕೋಟಿಂಗೂ ಬೇಡ. ಕೈಯಿಂದ ಒರೆಸಿ ತೆಳುವಾಗಿ ಗ್ರೀಸ್ ಹಚ್ಚಿಡಿ, ತಪಾಸಣೆಯ ದಿನ ಬಟ್ಟೆಯಿಂದ ಒರೆಸಿದರೆ ನಂಬರ್ ಕಾಣುತ್ತದೆ.