ಮಸೂರದ ಕುಲಾವಿ

ಕ್ಯಾಮರಾದ ಮೂತಿಗೆ ತೊಡಿಸುವ ಕಪ್ಪು ಮರೆಯನ್ನು ಕೇಳುಗರು ಕಂಡಿರಬಹುದು. ಕೆಲವು ಕೊಳವೆಯಂತೆ, ಕೆಲವು ಅರಳಿದ ಹೂವಿನ ಎಸಳುಗಳಂತೆ, ಮತ್ತೆ ಕೆಲವು ಆಯತದ ಪೆಟ್ಟಿಗೆಯಂತೆ. ಇಂಗ್ಲಿಷಿನ ಹೆಸರು ಲೆನ್ಸ್ ಹುಡ್. ನಾನು ಕನ್ನಡದ ಮೇಷ್ಟ್ರು, ಕುಲಾವಿ ಎನ್ನುತ್ತೇನೆ. ಈ ಆಕಾರಭೇದ ಕೇವಲ ಅಲಂಕಾರವೆಂದು ತಿಳಿದವರುಂಟು.

ಗಾಜಿನ ಮೇಲೆ ಬಿದ್ದ ಬೆಳಕೆಲ್ಲವೂ ಒಳಗೆ ಹೋಗುವುದಿಲ್ಲ. ಗಾಳಿ ಸೋಕುವ ಒಂದೊಂದು ಮೈಯಲ್ಲಿಯೂ ಶೇಕಡಾ 4ರಷ್ಟಾದರೂ ಪ್ರತಿಫಲಿಸಿ ಹಿಂದಿರುಗುತ್ತದೆ. 1896ರಲ್ಲಿ ಜರ್ಮನಿಯ ಜೈಸ್ ಸಂಸ್ಥೆಯ ಪಾಲ್ ರುಡಾಲ್ಫರು ‘ಪ್ಲಾನಾರ್’ ಎಂಬ ಮಸೂರವನ್ನು ರಚಿಸಿದರು. ಬಿಂಬದ ದೋಷಗಳನ್ನು ತಿದ್ದುವುದರಲ್ಲಿ ಅದು ಅಸಾಧಾರಣವಾದುದು. ಆದರೆ ಅದಕ್ಕೆ ಅಂತಹ ಮೈಗಳು 8. ಕಾಲುಭಾಗಕ್ಕೂ ಮಿಕ್ಕ ಬೆಳಕು ದಾರಿತಪ್ಪುತ್ತಿತ್ತು. ತಪ್ಪಿದ ಬೆಳಕು ಸುಮ್ಮನಿರುವುದೆ? ಗಾಜುಗಳ ನಡುವೆ ಪುಟಿದಾಡಿ, ಅದರಲ್ಲೊಂದು ಪಾಲು ಮಂಜಿನಂತೆ ಚಿತ್ರದ ಮೇಲೆ ಕವಿಯುತ್ತಿತ್ತು. ಕಪ್ಪಾಗಿರಬೇಕಾದ ಕೂದಲು ಬೂದುಬಣ್ಣಕ್ಕೆ ತಿರುಗುತ್ತಿತ್ತು. 1902ರಲ್ಲಿ ಅದೇ ಸಂಸ್ಥೆಯಿಂದ 6 ಮೈಗಳ ‘ಟೆಸ್ಸಾರ್’ ಬಂದಾಗ ಜನ ಅದರತ್ತ ವಾಲಿದರು. ಪ್ರತಿಫಲನವನ್ನು ತಗ್ಗಿಸುವ ತೆಳುಲೇಪವನ್ನು ಜೈಸ್‌ನ ಅಲೆಕ್ಸಾಂಡರ್ ಸ್ಮಾಕುಲ ಸಾಧಿಸಿದ್ದು 1935ರಲ್ಲಿ. ಪ್ಲಾನಾರಿನ ಯೋಗ ಪೂರ್ಣವಾಗಿ ತೆರೆದದ್ದು ಆಮೇಲೆ.

ಲೇಪವಿದ್ದ ಮೇಲೆ ಕುಲಾವಿಯೇಕೆ? ಲೇಪ ಒಳಹೊಕ್ಕ ಬೆಳಕನ್ನು ಹದಕ್ಕೆ ತರುತ್ತದೆ. ಚಿತ್ರಕ್ಕೆ ಸಂಬಂಧವಿಲ್ಲದ ಪಕ್ಕದ ಬಿಸಿಲನ್ನು ಹೊಸ್ತಿಲಲ್ಲಿಯೇ ತಡೆಯುವುದು ಕುಲಾವಿ. ಹುಬ್ಬಿಗೆ ಅಂಗೈ ಅಡ್ಡಹಿಡಿದು ದೂರ ನೋಡುವ ರೈತ ಮಾಡುವುದೂ ಇದನ್ನೇ.

ಇನ್ನು ಆಕಾರ. ಮಸೂರ ದುಂಡು, ಚಿತ್ರ ಆಯತ. 1925ರ ಲೈಕಾ ಕ್ಯಾಮರಾದಿಂದ ರೂಢಿಗೆ ಬಂದ ಚೌಕಟ್ಟಿನ ಅಗಲ 36 ಮಿಲಿಮೀಟರ್, ಎತ್ತರ 24, ಮೂಲೆಯಿಂದ ಮೂಲೆಗೆ 43. ಎಂದರೆ ಕ್ಯಾಮರಾದ ನೋಟ ಮೂಲೆಗಳತ್ತ ಅತಿ ವಿಶಾಲ, ಪಕ್ಕಗಳಲ್ಲಿ ಅದಕ್ಕಿಂತ ಕಿರಿದು, ಮೇಲೆ ಕೆಳಗೆ ಮತ್ತೂ ಕಿರಿದು. ಕುಲಾವಿ ಆದಷ್ಟು ಉದ್ದವಾಗಿರಬೇಕು, ಆದರೆ ಚಿತ್ರದೊಳಗೆ ಇಣುಕಬಾರದು. ಆದುದರಿಂದ ವಿಶಾಲನೋಟದ ಮಸೂರಕ್ಕೆ ಮೇಲೆ ಕೆಳಗೆ ಉದ್ದನೆಯ ಎಸಳು, ಪಕ್ಕಗಳಲ್ಲಿ ಗಿಡ್ಡನೆಯದು, ಮೂಲೆಗಳಲ್ಲಿ ಕೊರೆತ. ದೂರದ್ದನ್ನು ಹತ್ತಿರ ತರುವ ಮಸೂರದ ನೋಟ ಸಣ್ಣದು. ಅದಕ್ಕೆ ಕೊಳವೆಯೇ ಸಾಕು. ಫೋಕಸ್ ಮಾಡುವಾಗ ಮೂತಿಯೇ ತಿರುಗುವ ಮಸೂರಗಳಿಗೂ ದುಂಡನೆಯದೇ ಲೇಸು; ಎಸಳಿದ್ದರೆ ಅದೂ ತಿರುಗಿ ಚಿತ್ರದ ಮೂಲೆಗೆ ಅಡ್ಡಬರುತ್ತದೆ. ಲೈಕಾದಲ್ಲಿ ಕಣ್ಣಿಡುವ ಕಿಂಡಿ ಮಸೂರದ ಓರೆಗಿರುವುದರಿಂದ, ನೋಟ ಮರೆಯಾಗದಿರಲೆಂದು ಕುಲಾವಿಗೇ ಸೀಳುಗಂಡಿ ತೆರೆದರು. ನನಗೆ ಬಹಳ ಮೆಚ್ಚುಗೆಯಾದ ಉಪಾಯವಿದು.

ಮದುವೆಮನೆಗಳಲ್ಲಿ ಕುಲಾವಿಯನ್ನು ಹಿಂದುಮುಂದಾಗಿ ಸಿಕ್ಕಿಸಿಕೊಂಡೇ ಚಿತ್ರ ತೆಗೆಯುವ ತರುಣರನ್ನು ಕಾಣುತ್ತೇನೆ. ಹಾಗೆ ಮಗುಚುವುದು ಚೀಲದಲ್ಲಿ ಜಾಗ ಉಳಿಯಲೆಂದು. ಮಂಟಪದ ದೀಪಗಳು ಮಾತ್ರ ಆಗ ನೇರವಾಗಿ ಗಾಜಿಗೇ ಹೊಡೆಯುತ್ತಿರುತ್ತವೆ.